ಒಂದೇ ಕಾದಂಬರಿ, ಎಂಟು ಮನೆ, ಆರು ದೇಶ: ಪೋಸ್ಟಲ್ಲಿ ಪುಸ್ತಕ ಸುತ್ತಿಸೋದು ಹೇಗೆ

ಈ ಪ್ರಶ್ನೆ ಎಷ್ಟು ಸಲ ಬಂದಿದೆ ಅಂದ್ರೆ, ಪ್ರತಿ ಸಲ ವಾಟ್ಸಾಪಲ್ಲಿ ಉದ್ದುದ್ದ ಟೈಪ್ ಮಾಡಿ ಮಾಡಿ ಸಾಕಾಗಿ ಇವತ್ತು ಒಂದೇ ಕಡೆ ಬರೆದು ಹಾಕ್ತಿದೀನಿ, ಇನ್ಮೇಲೆ ಯಾರು ಕೇಳಿದ್ರೂ ಇದನ್ನೇ ಕಳಿಸ್ತೀನಿ. ಪ್ರಶ್ನೆ ಇಷ್ಟೆ: "ನಮ್ಮಲ್ಲಿ ಏಳೆಂಟು ಜನ ಬೇರೆ ಬೇರೆ ದೇಶದಲ್ಲಿದೀವಿ, ಕನ್ನಡ ಕಾದಂಬರಿ ಇಲ್ಲಿ ಸಿಗಲ್ಲ, ಎಲ್ಲರೂ ಒಂದೊಂದು ಕಾಪಿ ತರಿಸೋ ಬದಲು ಒಂದೇ ಕಾಪಿ ಪೋಸ್ಟಲ್ಲಿ ಸುತ್ತಿಸಬಹುದಾ?"

ಸುತ್ತಿಸಬಹುದು. ನಮ್ಮದು ಒಂದು ಸುತ್ತು ಮುಗಿದಿದೆ. ಮೈಸೂರಿಂದ ಹೊರಟ ಪುಸ್ತಕ ಜರ್ಮನಿಲಿ ಎರಡು ಮನೆ, ನೆದರ್ಲೆಂಡ್ಸ್, ಇಂಗ್ಲೆಂಡ್, ಅಮೆರಿಕದಲ್ಲಿ ಎರಡು ಮನೆ, ದುಬೈ, ವಾಪಸ್ ಮೈಸೂರು.

ಇದೇನು ನಾವು ಕಂಡುಹಿಡಿದಿದ್ದಲ್ಲ. 2001ರಲ್ಲಿ ಅಮೆರಿಕದ ರಾನ್ ಹಾರ್ನ್‌ಬೇಕರ್ ಅನ್ನೋರು ಬುಕ್‌ಕ್ರಾಸಿಂಗ್ ಅಂತ ಶುರು ಮಾಡಿದ್ರಲ್ಲ, ಪುಸ್ತಕಕ್ಕೊಂದು ನಂಬರ್ ಕೊಟ್ಟು ಊರೂರು ಬಿಡೋದು, ಆ ಕಡೆಯವರು ಎರಡು ಪದ ಬಳಸ್ತಾರೆ. ಪುಸ್ತಕ ಎಲ್ಲರ ಹತ್ರ ಹೋಗಿ ಕೊನೆಗೆ ಯಜಮಾನರ ಮನೆಗೇ ವಾಪಸ್ ಬಂದ್ರೆ ಅದು ರಿಂಗ್. ವಾಪಸ್ ಬರದೆ ಕೊನೆ ಓದುಗರ ಹತ್ರನೇ ಉಳಿದ್ರೆ ಅಥವಾ ಮುಂದೆ ಮುಂದೆ ಹೋಗ್ತಾನೇ ಇದ್ರೆ ಅದು ರೇ. ನಿಮ್ಮದು ಯಾವುದು ಅಂತ ಮೊದಲೇ ಹೇಳಿಬಿಡಿ, ಆಮೇಲೆ "ನಾನು ಇಟ್ಕೊಬಹುದು ಅಂದ್ಕೊಂಡಿದ್ದೆ" ಅನ್ನೋ ಮಾತು ಬರಬಾರದು.

ಎಲ್ಲರೂ ಮೊದಲು ಕೇಳೋದು ಪೋಸ್ಟಲ್ಲಿ ಕಳೆದುಹೋದ್ರೆ ಏನ್ಮಾಡೋದು ಅಂತ. ನಾನು ನೋಡಿದ ಹಾಗೆ ಪುಸ್ತಕ ಪೋಸ್ಟಲ್ಲಿ ಕಳೆಯೋದು ಕಡಿಮೆ, ಯಾರದೋ ಮನೆ ಟೀಪಾಯಿ ಮೇಲೆ ಕೂತುಬಿಡೋದೇ ಜಾಸ್ತಿ. ಹಂಗಾಗಿ ಕೆಳಗೆ ಅಂಚೆ ವಿಷಯದಷ್ಟೇ ಮನುಷ್ಯರ ವಿಷಯನೂ ಇದೆ.

1. ಯಾವ ಪುಸ್ತಕ

ನಿಮ್ಮ ಹತ್ರ ಇರೋ ಒಂದೇ ಕಾಪಿ, ಅದೂ ಔಟ್ ಆಫ್ ಪ್ರಿಂಟ್, ಅದರ ಮೇಲೆ ಲೇಖಕರ ಸಹಿ ಬೇರೆ ಇದೆ ಅಂದ್ರೆ ಅದನ್ನ ದಯವಿಟ್ಟು ಮನೇಲೇ ಇಟ್ಕೊಳ್ಳಿ. ಮತ್ತೆ ಕೊಳ್ಳೋಕಾಗೋ ಪುಸ್ತಕನೇ ಕಳಿಸಿ.

ಬೈಂಡಿಂಗ್ ನೋಡಿ. ಈಗಿನ ಪೇಪರ್‌ಬ್ಯಾಕ್ ಬಹಳಷ್ಟು ಬರೀ ಗೋಂದಿನದ್ದು, ನಾಲ್ಕನೇ ಓದುಗರ ಹೊತ್ತಿಗೆ ಮಧ್ಯದಲ್ಲಿ ಬಿಟ್ಕೊಳ್ಳತ್ತೆ. ಹೊಲಿಗೆ ಬೈಂಡಿಂಗ್ ಇರೋ ಪ್ರತಿ ಸಿಕ್ರೆ ಒಳ್ಳೇದು. ಆಮೇಲೆ ತೂಕ. ಅಡುಗೆಮನೆ ಡಿಜಿಟಲ್ ತಕ್ಕಡಿ ಮೇಲಿಡಿ, ನಮ್ಮ 600 ಪುಟದ್ದು ಪ್ಯಾಕಿಂಗ್ ಸೇರಿ 700 ಗ್ರಾಂ ಹತ್ರ ಬಂತು. ಎರಡು ಸಂಪುಟದ ಕಾದಂಬರಿ ಮೊದಲ ಸುತ್ತಿಗೆ ಬೇಡ, ಒಂದು ಸಂಪುಟ ಯಾರ ಹತ್ರನೋ, ಇನ್ನೊಂದು ಇನ್ಯಾರ ಹತ್ರನೋ ಆಗಿ ಎಲ್ಲಾ ಕಲಸುಮೇಲೋಗರ ಆಗತ್ತೆ.

ಇಲ್ಲೇ ಒಂದು ಮಾತು. ಗುಂಪಲ್ಲಿ ಒಬ್ಬರಾದ್ರೂ "ಸುಮ್ನೆ ಸ್ಕ್ಯಾನ್ ಮಾಡಿ ಪಿಡಿಎಫ್ ಹಾಕಿ ಸಾಕು" ಅಂತಾರೆ. ಕೊಂಡ ಪುಸ್ತಕ ಎಷ್ಟು ಜನಕ್ಕೆ ಬೇಕಾದ್ರೂ ಓದೋಕೆ ಕೊಡಬಹುದು, ಅದರಲ್ಲಿ ತಪ್ಪಿಲ್ಲ, ಆದ್ರೆ ಸ್ಕ್ಯಾನ್ ಮಾಡಿ ಹಂಚೋದು ಕಾಪಿರೈಟ್ ಉಲ್ಲಂಘನೆ. ಭಾರತದಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರತ್ತೆ. ನಯವಾಗಿ ಬೇಡ ಅನ್ನಿ.

2. ಎಷ್ಟು ಜನ, ಎಷ್ಟು ದಿನ

ಎಂಟಕ್ಕಿಂತ ಜಾಸ್ತಿ ಬೇಡ. ಲೆಕ್ಕ ಹಾಕಿ: ಒಬ್ಬರಿಗೆ ಓದೋಕೆ 4 ವಾರ, ಅಂಚೆಗೆ 2 ವಾರ, ಎಂಟು ಜನಕ್ಕೆ 48 ವಾರ, ಅಂದ್ರೆ ಹತ್ತಿರ ಹತ್ತಿರ ಒಂದು ವರ್ಷ. ಹನ್ನೆರಡು ಜನ ಸೇರಿಸಿದ್ರೆ ಕೊನೆಯವರಿಗೆ ಪುಸ್ತಕದ ಹೆಸರೇ ಮರೆತಿರತ್ತೆ.

ಒಬ್ಬರು ಉಸ್ತುವಾರಿ ಇರಲೇಬೇಕು, "ಎಲ್ಲರೂ ಸೇರಿ ನೋಡ್ಕೊಳ್ಳೋಣ" ಅಂದ್ರೆ ಯಾರೂ ನೋಡ್ಕೊಳ್ಳಲ್ಲ ಅಂತಲೇ ಅರ್ಥ. ಅವರ ಹತ್ರ ಒಂದು ಶೀಟ್: ಹೆಸರು, ಊರು, ಪುಸ್ತಕ ಬಂದ ತಾರೀಖು, ಹೊರಟ ತಾರೀಖು, ಟ್ರ್ಯಾಕಿಂಗ್ ನಂಬರ್. ಅಷ್ಟು ಸಾಕು. ಎಲ್ಲರ ಮನೆ ಅಡ್ರೆಸ್ ಗ್ರೂಪಲ್ಲಿ ಹಾಕ್ಬೇಡಿ, ಯಾರು ಕಳಿಸ್ಬೇಕೋ ಅವರಿಗೆ ಮುಂದಿನವರ ಅಡ್ರೆಸ್ ಮಾತ್ರ, ಅದೂ ಪರ್ಸನಲ್ ಆಗಿ.

ದುಡ್ಡಿನ ನಿಯಮ ಸುಲಭ: ಯಾರ ಹತ್ರ ಪುಸ್ತಕ ಇದೆಯೋ ಅವರು ಮುಂದಿನವರಿಗೆ ಕಳಿಸೋ ಖರ್ಚು ಹಾಕ್ಕೊಳ್ಳೋದು. ಕೆಲವರ ಪಾಲಿಗೆ ಸಮುದ್ರ ದಾಟೋ ಖರ್ಚು ಬರತ್ತೆ, ಕೆಲವರಿಗೆ ಪಕ್ಕದೂರು. ಅದನ್ನ ಮೊದಲೇ ತೋರಿಸಿ ಒಪ್ಪಿಸಿ, ಸ್ಟೂಡೆಂಟ್ಸ್ ಇದ್ರೆ ಅವರಿಗೆ ಹತ್ತಿರದ ದಾರಿ ಕೊಡಿ.

3. ದಾರಿ ಹಾಕೋದು (ಇಲ್ಲೇ ಅರ್ಧ ದುಡ್ಡು ಉಳಿಯೋದು)

ಬಹಳ ಜನ ಹೆಸರು ಕೊಟ್ಟ ಆರ್ಡರಲ್ಲೇ ಕಳಿಸ್ತಾರೆ, ಲಂಡನ್ನಿಂದ ಸಿಯಾಟಲ್, ಅಲ್ಲಿಂದ ಮ್ಯೂನಿಕ್, ಅಲ್ಲಿಂದ ಮತ್ತೆ ಅಮೆರಿಕ. ಇದು ದೊಡ್ಡ ತಪ್ಪು. ಮ್ಯಾಪ್ ನೋಡಿ ಅಲ್ಲ, ಕಸ್ಟಮ್ಸ್ ಗಡಿ ನೋಡಿ ದಾರಿ ಹಾಕಿ. ಪ್ರತಿ ಗಡಿಯಲ್ಲೂ ಒಂದು ಫಾರ್ಮು, ಒಂದು ಕಾಯುವಿಕೆ, ಒಂದು ಕಿರಿಕಿರಿಯ ಸಾಧ್ಯತೆ.

ಯುರೋಪಿಯನ್ ಯೂನಿಯನ್ ಒಳಗೆ ಒಂದು ದೇಶದಿಂದ ಇನ್ನೊಂದಕ್ಕೆ ಕಸ್ಟಮ್ಸೇ ಇಲ್ಲ. ಹಂಗಾಗಿ ಜರ್ಮನಿ, ನೆದರ್ಲೆಂಡ್ಸ್, ಐರ್ಲೆಂಡ್, ಸ್ವೀಡನ್ ಇವರನ್ನೆಲ್ಲ ಒಟ್ಟಿಗೆ ಸಾಲಾಗಿ ಹಾಕಿ ಮುಗಿಸಿ. ಸ್ವಿಟ್ಜರ್ಲೆಂಡ್, ನಾರ್ವೆ ಯೂನಿಯನ್ನಲ್ಲಿ ಇಲ್ಲ ಅನ್ನೋದು ಮರೀಬೇಡಿ, ಬ್ರೆಕ್ಸಿಟ್ ಆದ್ಮೇಲೆ ಇಂಗ್ಲೆಂಡೂ ಹೊರಗೆ. ಅಮೆರಿಕದಲ್ಲಿ ಎಷ್ಟೇ ಜನ ಇದ್ರೂ ಒಂದೇ ಸಲ ಒಳಗೆ ಹೋಗಿ ಒಂದೇ ಸಲ ಹೊರಗೆ ಬರೋ ಹಾಗೆ ನೋಡ್ಕೊಳ್ಳಿ. ಅಲ್ಲಿ ದೇಶದೊಳಗೆ ಮೀಡಿಯಾ ಮೇಲ್ ಅಂತ ಪುಸ್ತಕಕ್ಕೇ ಒಂದು ಅಗ್ಗದ ದರ ಇದೆ, ನಿಧಾನ, ಆದ್ರೆ ಸಾಕು. ಅದು ದೇಶದೊಳಗೆ ಮಾತ್ರ, ಹೊರದೇಶಕ್ಕೆ ಸಿಗಲ್ಲ.

ಭಾರತದೊಳಗೆ ಒಂದಕ್ಕಿಂತ ಜಾಸ್ತಿ ಓದುಗರು ಇದ್ರೆ 2025ರ ಮೇ ತಿಂಗಳಿಂದ ಇಂಡಿಯಾ ಪೋಸ್ಟಲ್ಲಿ ಪುಸ್ತಕಕ್ಕೇ ಅಂತ ಜ್ಞಾನ ಪೋಸ್ಟ್ ಅನ್ನೋ ಸೇವೆ ಬಂದಿದೆ. 300 ಗ್ರಾಂವರೆಗೆ 20 ರೂಪಾಯಿ, 5 ಕೆಜಿವರೆಗೆ 100 ರೂಪಾಯಿ, ಮೇಲೆ ಟ್ಯಾಕ್ಸು, ಶುರುವಾದಾಗಿನ ದರ ಇದು. ಟ್ರ್ಯಾಕ್ ಮಾಡಬಹುದು, ರೈಲು ರಸ್ತೆ ಮೇಲೆ ಹೋಗತ್ತೆ ಅಷ್ಟೆ. ಪುಸ್ತಕದಲ್ಲಿ ಪ್ರಕಾಶಕರ ಅಥವಾ ಮುದ್ರಕರ ಹೆಸರು ಅಚ್ಚಾಗಿರಬೇಕು. ಹಳೇ ಅಭ್ಯಾಸದ ಮೇಲೆ ರಿಜಿಸ್ಟರ್ಡ್ ಬುಕ್ ಪೋಸ್ಟ್ ಕೇಳ್ಬೇಡಿ, ಅದು 2024ರ ಡಿಸೆಂಬರಲ್ಲೇ ನಿಂತುಹೋಯ್ತು.

ಇನ್ನು ಭಾರತದಿಂದ ಹೊರಗೆ ಹೋಗೋ ಮೊದಲ ಹೆಜ್ಜೆ ಮತ್ತೆ ವಾಪಸ್ ಬರೋ ಕೊನೆ ಹೆಜ್ಜೆ. ಇವೆರಡನ್ನೂ ಆದಷ್ಟು ಊರಿಗೆ ಹೋಗಿಬರೋರ ಸೂಟ್‌ಕೇಸಲ್ಲಿ ಮಾಡಿಸಿ. ಯಾರದ್ದೋ ಅಪ್ಪ ಅಮ್ಮ ಬರ್ತಿರ್ತಾರೆ, ಯಾರೋ ಗಣಪತಿ ಹಬ್ಬಕ್ಕೆ ಹೋಗ್ತಿರ್ತಾರೆ, 700 ಗ್ರಾಂ ಯಾರಿಗೂ ಭಾರ ಆಗಲ್ಲ. ನಮ್ಮದು ಹೊರಟಿದ್ದೂ ಹಂಗೇ, ಒಬ್ಬರ ಅತ್ತೆಯವರ ಬ್ಯಾಗಲ್ಲಿ ಉಪ್ಪಿನಕಾಯಿ ಡಬ್ಬಿ ಪಕ್ಕ (ಡಬ್ಬಿ ಸೋರಲಿಲ್ಲ, ದೇವರು ದೊಡ್ಡವನು).

4. ಅಡ್ರೆಸ್

ಚಿಕ್ಕ ವಿಷಯ ಅನ್ಸತ್ತೆ, ಆದ್ರೆ ಪ್ಯಾಕೆಟ್ ವಾಪಸ್ ಬರೋದು ಇಲ್ಲೇ. ಜರ್ಮನಿಲಿ ಫ್ಲ್ಯಾಟ್ ನಂಬರಿಗಿಂತ ಹೆಸರು ಮುಖ್ಯ, ಪೋಸ್ಟ್ ಬಾಕ್ಸ್ ಮೇಲೆ ಬೆಲ್ ಮೇಲೆ ಯಾವ ಹೆಸರಿದೆಯೋ ಅದೇ ಪ್ಯಾಕೆಟ್ ಮೇಲೆ ಇರಬೇಕು. ನಮ್ಮವರ ಹೆಸರಿನ ಕಥೆ ಗೊತ್ತಲ್ಲ, ಪಾಸ್‌ಪೋರ್ಟಲ್ಲಿ ಅಪ್ಪನ ಹೆಸರು ಸರ್‌ನೇಮ್ ಆಗಿರತ್ತೆ, ಬೆಲ್ ಮೇಲೆ ಗಂಡನ ಊರಿನ ಹೆಸರು, ನಾವು ಕರೆಯೋದು ಇನ್ನೇನೋ. ಹಂಗಾಗಿ "ನಿಮ್ಮ ಅಡ್ರೆಸ್ ಕೊಡಿ" ಅಂತ ಕೇಳ್ಬೇಡಿ, "ನಿಮ್ಮ ಲೆಟರ್‌ಬಾಕ್ಸ್ ಮೇಲೆ ಏನು ಬರ್ದಿದೆ" ಅಂತ ಕೇಳಿ.

ದುಬೈ ಕಡೆ ಮಾಮೂಲಿ ಅಂಚೆ ಮನೆಗಲ್ಲ, ಪಿ.ಒ. ಬಾಕ್ಸಿಗೆ ಹೋಗತ್ತೆ, ತುಂಬಾ ಜನ ಆಫೀಸಿನ ಬಾಕ್ಸ್ ನಂಬರೇ ಕೊಡ್ತಾರೆ, ಜೊತೆಗೆ ಮೊಬೈಲ್ ನಂಬರ್ ಬರೀರಿ. ಯಾವ ದೇಶಕ್ಕಾದ್ರೂ ಕೊನೇ ಸಾಲಲ್ಲಿ ದೇಶದ ಹೆಸರು ಇಂಗ್ಲಿಷಲ್ಲಿ ದೊಡ್ಡಕ್ಷರದಲ್ಲಿ. ಪ್ರೀತಿಯಿಂದ ಕನ್ನಡದಲ್ಲೂ ಬರೀಬೇಕು ಅನ್ಸಿದ್ರೆ ಒಳಗೆ ಬರೀರಿ. ಕಳಿಸೋರ ಅಡ್ರೆಸ್ ಹಿಂದುಗಡೆ ತಪ್ಪಿಸ್ಬೇಡಿ.

5. ಪುಸ್ತಕ ರೆಡಿ ಮಾಡೋದು

ಮೊದಲು ಬೈಂಡ್ ಹಾಕಿ. ಹೌದು, ಸ್ಕೂಲಲ್ಲಿ ಜೂನ್ ತಿಂಗಳಲ್ಲಿ ನೆಲದ ಮೇಲೆ ಕೂತು ಹಾಕ್ತಿದ್ವಲ್ಲ ಬ್ರೌನ್ ಪೇಪರ್, ಅದೇ. ಅಂಚುಗಳಿಗೆ ಟೇಪ್ ಹಚ್ಚೋವಾಗ ಪುಸ್ತಕದ ರಟ್ಟಿಗೆ ಅಂಟದ ಹಾಗೆ ಪೇಪರಿಗೆ ಮಾತ್ರ ಅಂಟಿಸಿ.

ಒಳಗಡೆ ಕೊನೇ ಖಾಲಿ ಹಾಳೆಯನ್ನ ಪ್ರಯಾಣದ ಪುಟ ಮಾಡಿ. ಪ್ರತಿಯೊಬ್ಬರೂ ಹೆಸರಿನ ಮೊದಲ ಅಕ್ಷರ, ಊರು, ಓದಿ ಮುಗಿಸಿದ ತಾರೀಖು, ಒಂದು ಸಾಲು. ಪೂರ್ತಿ ಹೆಸರು ಮನೆ ವಿಳಾಸ ಬೇಡ, ಪುಸ್ತಕ ಯಾರ ಕೈಗೆ ಹೋಗತ್ತೋ ಗೊತ್ತಿಲ್ಲ. ಪುಟದ ಅಂಚಲ್ಲಿ ಬರೆಯೋ ಬಗ್ಗೆ ದೊಡ್ಡ ಜಗಳ ಇದೆ, ನನಗೆ ಇಷ್ಟ, ನಮ್ಮ ಗುಂಪಲ್ಲಿ ಇಬ್ಬರಿಗೆ ಕಷ್ಟ, ಕೊನೆಗೆ ಪೆನ್ಸಿಲ್ ಮಾತ್ರ ಅಂತ ಒಪ್ಪಂದ ಆಯ್ತು. ಇನ್ನೊಂದು ನಿಯಮ ಸೇರಿಸ್ಕೊಳ್ಳಿ: ಮುಂದಿನ ಕಥೆ ಅಂಚಲ್ಲಿ ಬರೀಬಾರದು. ನಮ್ಮದರಲ್ಲಿ 212ನೇ ಪುಟದಲ್ಲಿ "ಇವಳನ್ನ ನಂಬ್ಬೇಡಿ" ಅಂತ ಪೆನ್ಸಿಲಲ್ಲಿ ಬರ್ದಿತ್ತು, ಅದರ ಕೆಳಗೆ ಇನ್ನೊಂದು ಕೈಬರಹದಲ್ಲಿ "ಥ್ಯಾಂಕ್ಸ್, ಹಾಳು ಮಾಡಿದ್ರಿ".

ಪ್ಯಾಕಿಂಗ್: ಮೊದಲು ಜಿಪ್ ಕವರ್, ನೀರಿಂದ ಕಾಪಾಡೋಕೆ. ಆಮೇಲೆ ಎರಡೂ ಕಡೆ ಪುಸ್ತಕಕ್ಕಿಂತ ಒಂದು ಬೆರಳು ದೊಡ್ಡದಾದ ಗಟ್ಟಿ ರಟ್ಟು, ಏಟು ಬಿದ್ರೆ ಪುಸ್ತಕದ ಮೂಲೆ ಬದಲು ರಟ್ಟಿನ ಮೂಲೆ ಮಡಿಸಿಕೊಳ್ಳತ್ತೆ. ಆಮೇಲೆ ಬಬಲ್ ಕವರ್. ಬರೀ ಬಬಲ್ ಕವರಲ್ಲಿ ಕಳಿಸೋರೇ ಜಾಸ್ತಿ, ಮೂಲೆ ಮುದುಡಿ ಬರೋದಕ್ಕೆ ಅದೇ ಕಾರಣ. ಕವರ್ ಮರುಬಳಕೆ ಮಾಡಿದ್ರೆ ಹಳೇ ಬಾರ್‌ಕೋಡ್ ಪೂರ್ತಿ ಕೀಳಿ, ಇಲ್ಲಾಂದ್ರೆ ಮೆಷಿನ್ ಹಳೇದನ್ನ ಓದಿ ಪ್ಯಾಕೆಟ್ ಬೇರೆ ಕಡೆ ಹೋಗಿಬಿಡಬಹುದು.

ಪುಸ್ತಕದ ಜೊತೆ ಏನನ್ನೂ ತುರುಕಬೇಡಿ. ಇದನ್ನ ಎಷ್ಟು ಹೇಳಿದ್ರೂ ನಮ್ಮವರು ಕೇಳಲ್ಲ, ಖಾಲಿ ಕೈಲಿ ಕಳಿಸೋದು ಹೇಗೆ ಅಂತ. ಧಾರವಾಡ ಪೇಡ ಹಾಕಿದ್ರೆ ಅದು ಹಾಲಿನ ಪದಾರ್ಥ, ಯುರೋಪಿಯನ್ ಯೂನಿಯನ್ಗೆ ಹೊರಗಿಂದ ಪೋಸ್ಟಲ್ಲಿ ಹಾಲು ಮಾಂಸದ ಪದಾರ್ಥ ಬರೋ ಹಾಗಿಲ್ಲ, ಪೇಡದ ಜೊತೆ ಪುಸ್ತಕನೂ ಸಿಕ್ಕಿಹಾಕಿಕೊಳ್ಳತ್ತೆ. ಚಿಕ್ಕಂದಿನಲ್ಲಿ ಮರಿ ಹಾಕತ್ತೆ ಅಂತ ಪುಸ್ತಕದಲ್ಲಿ ಇಡ್ತಿದ್ವಲ್ಲ ನವಿಲುಗರಿ, ಅದನ್ನ ಬುಕ್‌ಮಾರ್ಕ್ ಅಂತ ಇಡೋದಂತೂ ಬೇಡವೇ ಬೇಡ, ಭಾರತದಿಂದ ನವಿಲುಗರಿ ಹೊರಗೆ ಕಳಿಸೋದೇ ನಿಷಿದ್ಧ. ಒಣಗಿದ ಹೂವು, ಬೀಜ ಇವೂ ಆಸ್ಟ್ರೇಲಿಯಾ ಕಡೆ ಹೋದ್ರೆ ತೊಂದರೆನೇ. ಕಾಗದ ಬರೆದು ಇಡೋದೂ ನೋಡ್ಕೊಂಡು ಮಾಡಿ, ಅಗ್ಗದ ಪುಸ್ತಕ ದರದಲ್ಲಿ ಕಳಿಸೋವಾಗ ಸಾಮಾನ್ಯವಾಗಿ ಖಾಸಗಿ ಪತ್ರ ಇರೋ ಹಾಗಿಲ್ಲ. ಹೇಳೋದನ್ನ ಪ್ರಯಾಣದ ಪುಟದಲ್ಲಿ ಹೇಳಿ.

6. ಪೋಸ್ಟ್ ಆಫೀಸಲ್ಲಿ

ಮೊದಲು ಸರ್ವಿಸ್. ಭಾರತದಿಂದ ಹೊರಗೆ ಅಂದ್ರೆ ಮುಖ್ಯವಾಗಿ ಸ್ಪೀಡ್ ಪೋಸ್ಟ್, ಅದಕ್ಕಿಂತ ಅಗ್ಗಕ್ಕೆ ಇಂಟರ್‌ನ್ಯಾಷನಲ್ ಟ್ರ್ಯಾಕ್ಡ್ ಪ್ಯಾಕೆಟ್. ಎಲ್ಲಾ ಸಣ್ಣ ಪೋಸ್ಟ್ ಆಫೀಸಲ್ಲೂ ವಿದೇಶಿ ಬುಕಿಂಗ್ ಗೊತ್ತಿರಲ್ಲ, ಹೆಡ್ ಪೋಸ್ಟ್ ಆಫೀಸಿಗೇ ಹೋಗಿ, ಆಧಾರ್ ಜೆರಾಕ್ಸ್ ಇಟ್ಕೊಂಡಿರಿ, ಪ್ಯಾಕೆಟ್ ಅಂಟಿಸದೆ ತಗೊಂಡು ಹೋಗಿ ಯಾಕಂದ್ರೆ ಒಳಗೇನಿದೆ ತೋರಿಸಿ ಅಂತಾರೆ. ಇಂಗ್ಲೆಂಡಿಂದ ಕಳಿಸೋರು ಅಲ್ಲಿನ ಅಂಚೆ, ಅಂದ್ರೆ ರಾಯಲ್ ಮೇಲ್‌ನ ಪ್ರಿಂಟೆಡ್ ಪೇಪರ್ಸ್ ಅನ್ನೋ, ಅಚ್ಚಾದ ಪುಸ್ತಕ ಕಳಿಸೋ ಸೇವೆ ಕೇಳಿ, ಅದರಲ್ಲಿ 5 ಕೆಜಿವರೆಗೆ ಹೋಗತ್ತೆ.

ನಿಯಮಗಳು ಒಂದೇ ಸಮ ಬದಲಾಗ್ತಿರ್ತವೆ. 2025ರ ಆಗಸ್ಟಲ್ಲಿ ಅಮೆರಿಕದ ಹೊಸ ಸುಂಕದ ಗೊಂದಲದಲ್ಲಿ ಇಂಡಿಯಾ ಪೋಸ್ಟ್ ಅಲ್ಲಿಗೆ ಪಾರ್ಸೆಲ್ ತಗೊಳ್ಳೋದನ್ನೇ ನಿಲ್ಲಿಸಿ, ಅಕ್ಟೋಬರಲ್ಲಿ ಮತ್ತೆ ಶುರು ಮಾಡ್ತು. ಹಂಗಾಗಿ ಹೋದ ವರ್ಷ ಯಾರೋ ಕಳಿಸಿದ್ರು ಅಂತ ಈ ವರ್ಷ ಹಂಗೇ ಆಗತ್ತೆ ಅಂದ್ಕೋಬೇಡಿ, ಕಳಿಸೋ ವಾರ ಕೌಂಟರಲ್ಲಿ ಕೇಳಿ.

ಈಗ ಫಾರ್ಮು. ಕಸ್ಟಮ್ಸ್ ಗಡಿ ದಾಟೋ ಪ್ಯಾಕೆಟ್ ಮೇಲೆ ಸಿಎನ್ 22 ಅನ್ನೋ ಚೀಟಿ ಅಂಟಿಸ್ಬೇಕು, ಒಳಗೇನಿದೆ ಎಷ್ಟು ಬೆಲೆ ಅಂತ ಹೇಳೋ ಚಿಕ್ಕ ಘೋಷಣೆ. ಬೆಲೆ ಜಾಸ್ತಿ ಇದ್ರೆ, ಪಾರ್ಸೆಲ್ ಆದ್ರೆ ಅದರ ಅಣ್ಣ ಸಿಎನ್ 23. ಈಗೀಗ ಈ ವಿವರ ಕಂಪ್ಯೂಟರಲ್ಲೂ ಮುಂಚಿತವಾಗಿ ಹೋಗ್ಬೇಕು, ಕೈಲಿ ಬರ್ದಿದ್ದು ಮಾತ್ರ ಸಾಲಲ್ಲ.

ವಸ್ತುವಿನ ಹೆಸರು: ಬರೀ "ಬುಕ್" ಅಂತ ಬರೀಬೇಡಿ, ಹಳೆಯ ಅಚ್ಚಾದ ಕಾದಂಬರಿ, ಕನ್ನಡ ಭಾಷೆ, 1 ಪ್ರತಿ ಅಂತ ಇಂಗ್ಲಿಷಲ್ಲಿ ಬರೀರಿ. ಎಚ್ಎಸ್ ಕೋಡ್, ಅಂದ್ರೆ ಎಲ್ಲಾ ದೇಶದ ಕಸ್ಟಮ್ಸಿಗೂ ಅರ್ಥ ಆಗೋ ವಸ್ತುವಿನ ನಂಬರು, ಅಚ್ಚಾದ ಪುಸ್ತಕಕ್ಕೆ 4901.

ಬೆಲೆ: ಸೊನ್ನೆ ಬರೀಬೇಡಿ, ಸೊನ್ನೆ ಕಂಡ್ರೆ ಅನುಮಾನ. ಐದಾರು ಕೈ ಬದಲಾದ ಪುಸ್ತಕಕ್ಕೆ ಸೆಕೆಂಡ್‌ಹ್ಯಾಂಡ್ ಬೆಲೆ ಎಷ್ಟೋ ಅಷ್ಟು, ಎರಡೋ ಮೂರೋ ಯೂರೋ. ದುಡ್ಡು ತಗೊಳ್ಳದೆ ಒಬ್ಬ ಖಾಸಗಿ ವ್ಯಕ್ತಿ ಇನ್ನೊಬ್ಬರಿಗೆ ಕಳಿಸ್ತಿರೋದ್ರಿಂದ ಗಿಫ್ಟ್ ಅನ್ನೋ ಚೌಕದಲ್ಲಿ ಟಿಕ್ ಮಾಡ್ತೀವಿ. ಯುರೋಪಿಯನ್ ಯೂನಿಯನ್ನಲ್ಲಿ ಹಂಗೆ ಬರೋದಕ್ಕೆ 45 ಯೂರೋವರೆಗೆ, ಇಂಗ್ಲೆಂಡಲ್ಲಿ 39 ಪೌಂಡ್‌ವರೆಗೆ ತೆರಿಗೆ ಇಲ್ಲ. ಮಾರಾಟ ಅನ್ನೋದಕ್ಕೆ ಟಿಕ್ ಮಾಡಿದ್ರೆ ಈ ವಿನಾಯಿತಿ ಹೋಯ್ತು, ಯೂರೋಪಲ್ಲಿ ಮುಂಚೆ 22 ಯೂರೋವರೆಗೆ ಇದ್ದ ವ್ಯಾಟ್ ರಿಯಾಯಿತಿ 2021ರ ಜುಲೈಯಿಂದ ತೆಗೆದುಬಿಟ್ಟಿದ್ದಾರೆ.

ಭಾರತಕ್ಕೆ ಬರೋವಾಗ ಮಾತ್ರ ಈ ಗಿಫ್ಟ್ ಮಂತ್ರ ನಡಿಯಲ್ಲ. 2019ರ ಡಿಸೆಂಬರಲ್ಲಿ ರಾಖಿ ಮತ್ತೆ ಜೀವರಕ್ಷಕ ಔಷಧಿ ಬಿಟ್ಟು ಬೇರೆ ಗಿಫ್ಟಿಗೆ ಇದ್ದ ಸುಂಕ ವಿನಾಯಿತಿ ತೆಗೆದ್ರು, ಅದೇ ವರ್ಷದ ಬಜೆಟ್ಟಲ್ಲಿ ಹೊರಗಿಂದ ಬರೋ ಪುಸ್ತಕಕ್ಕೆ ಶೇಕಡ 5 ಸುಂಕನೂ ಬಂತು. ಕನ್ನಡ ಪುಸ್ತಕ ಕರ್ನಾಟಕಕ್ಕೆ ವಾಪಸ್ ಬರೋಕೆ ಸುಂಕ! ಮೊತ್ತ ಚಿಲ್ಲರೆ, ಓಡಾಟ ದೊಡ್ಡದು, ಅದಕ್ಕೇ ಸೂಟ್‌ಕೇಸ್ ಅಂದಿದ್ದು.

ಕಸ್ಟಮ್ಸ್ ಆಫೀಸಿಗೆ ಕರೆದ್ರೆ ಹೆದರ್ಬೇಡಿ. ಬೇರೆ ಪುಸ್ತಕಕ್ಕೆ ನನಗೊಂದು ಸಲ ಚೀಟಿ ಬಂತು, ಹೋದೆ, ಅಲ್ಲಿ ಕತ್ತರಿಸೋ ಚಾಕು ನಮ್ಮ ಕೈಗೇ ಕೊಟ್ಟು ನೀವೇ ಬಿಚ್ಚಿ ಅಂತಾರೆ. ಆಫೀಸರ್ ಪುಸ್ತಕ ತಲೆಕೆಳಗೆ ಹಿಡ್ಕೊಂಡು ಎರಡು ಪುಟ ತಿರುಗಿಸಿದ್ರು, ನಾನು ಮೆಲ್ಲಗೆ ಸರಿಯಾಗಿ ತಿರುಗಿಸಿ ಕೊಟ್ಟೆ, ಹಿಂದಿನ ರಟ್ಟಿನ ಮೇಲಿದ್ದ ರೂಪಾಯಿ ಬೆಲೆ ತೋರಿಸ್ದೆ, ಐದು ನಿಮಿಷದಲ್ಲಿ ಮುಗೀತು. ಬೈಂಡ್ ಹಾಕೋವಾಗ ಆ ಬೆಲೆ ಮುಚ್ಚಿಹೋಗತ್ತೆ, ಒಂದು ಫೋಟೋ ತೆಗೆದು ಫೋನಲ್ಲಿ ಇಟ್ಕೊಳ್ಳಿ.

ರಸೀದಿ ಫೋಟೋ ತೆಗೆದು ಅವತ್ತೇ ಉಸ್ತುವಾರಿಗೆ ಕಳಿಸಿ. ಟ್ರ್ಯಾಕಿಂಗ್ ನಂಬರ್ ಎರಡು ಇಂಗ್ಲಿಷ್ ಅಕ್ಷರ, ಒಂಬತ್ತು ಅಂಕಿ, ಕೊನೆಗೆ ಹೊರಟ ದೇಶದ ಎರಡು ಅಕ್ಷರ, ಭಾರತ ಆದ್ರೆ ಐ ಎನ್, ಜರ್ಮನಿ ಆದ್ರೆ ಡಿ ಇ. ಪ್ಯಾಕೆಟ್ ಗಡಿ ದಾಟಿದ್ಮೇಲೆ ಅದೇ ನಂಬರ್ ತಲುಪೋ ದೇಶದ ಅಂಚೆ ಸೈಟಲ್ಲಿ ಹಾಕಿ ನೋಡಿ, ಹೊರಟ ದೇಶದ ಸೈಟಲ್ಲಿ ಎರಡು ವಾರದಿಂದ ಏನೂ ಬದಲಾಗದೇ ಇದ್ರೂ ಅಲ್ಲಿ ಆಗಲೇ ಬಂದು ಕೂತಿರತ್ತೆ.

7. ಕೈಗೆ ಬಂದ್ಮೇಲೆ

ಬಂದ ದಿನ ಒಂದು ಫೋಟೋ. ಗಡಿಯಾರ ಆ ಹೊತ್ತಿಂದ. ಮೂರನೇ ವಾರ ಉಸ್ತುವಾರಿ ಒಂದು ಮೆಸೇಜ್ ಹಾಕ್ಬೇಕು, ಗ್ರೂಪಲ್ಲಿ ಅಲ್ಲ, ಅವರಿಗೇ. "ಯಾವಾಗ ಕಳಿಸ್ತೀರಾ" ಅಂತ ಕೇಳಿದ್ರೆ ಮುನಿಸು, "ಅಕ್ಕಾ, ಎಲ್ಲಿವರೆಗೆ ಬಂತು? ಆ ಮದುವೆ ಅಧ್ಯಾಯ ಓದಿದ್ರಾ?" ಅಂತ ಕೇಳಿದ್ರೆ ಪಾಪ ಅವತ್ತು ರಾತ್ರಿನೇ ಕೂತು ನಲವತ್ತು ಪುಟ ಓದ್ತಾರೆ. ಮುಂದಿನವರ ಅಡ್ರೆಸ್ಸೂ ಅದೇ ಮೆಸೇಜಲ್ಲಿ ಕಳಿಸಿಬಿಡಿ. ಓದಿ ಮುಗಿಸಿದ ದಿನ ಅಡ್ರೆಸ್ ಕೈಲಿಲ್ಲದೇ ಇದ್ರೆ ಪುಸ್ತಕ ಕಪಾಟಿಗೆ ಹೋಗತ್ತೆ, ಕಪಾಟಿಗೆ ಹೋದ್ರೆ ಎರಡು ತಿಂಗಳು.

ಓದೋಕಾಗ್ತಿಲ್ಲ ಅಂದೋರಿಗೆ ಅರ್ಧಕ್ಕೇ ಕಳಿಸೋ ಅವಕಾಶ ಕೊಡಿ, ಅವರನ್ನ ಸಾಲಿನ ಕೊನೆಗೆ ಹಾಕಿ, ಇನ್ನೊಂದು ಸಲ ಬರತ್ತೆ. ಬರೀ ಮರ್ಯಾದೆಗೆ ಇಟ್ಕೊಂಡು ಕೂರೋರಿಂದಲೇ ಸುತ್ತು ನಿಲ್ಲೋದು. ರಜಕ್ಕೆ ಊರಿಗೆ ಹೋಗೋರು ಮೊದಲೇ ಹೇಳ್ಬೇಕು, ಸಹಿ ಹಾಕಿ ತಗೊಳ್ಳೋಕೆ ಯಾರೂ ಇಲ್ಲ ಅಂದ್ರೆ ಅಂಚೆಯವರು ಕೆಲವು ದಿನ ಇಟ್ಟು ವಾಪಸ್ ಕಳಿಸ್ತಾರೆ, ಜರ್ಮನಿಲಿ ಅದು ಒಂದು ವಾರದ ಮಾತು.

8. ಬರದೇ ಇದ್ರೆ

ಆರು ವಾರ ಕಾಯಿರಿ. ಆಮೇಲೆ ಕಳಿಸಿದವರೇ, ರಸೀದಿ ಹಿಡ್ಕೊಂಡು, ತಮ್ಮ ದೇಶದ ಅಂಚೆಯಲ್ಲಿ ವಿಚಾರಣೆ ಅರ್ಜಿ ಕೊಡ್ಬೇಕು, ತಲುಪೋರು ಕೊಟ್ರೆ ಸಾಮಾನ್ಯವಾಗಿ ತಗೊಳ್ಳಲ್ಲ. ಅಂತರರಾಷ್ಟ್ರೀಯ ಅಂಚೆ ನಿಯಮದಲ್ಲಿ ಇದಕ್ಕೆ ಆರು ತಿಂಗಳ ಗಡುವು ಇದೆ, ಸಂಕೋಚ ಪಟ್ಕೊಂಡು ಕೂತು ದಾಟಿಸ್ಕೋಬೇಡಿ. 300 ರೂಪಾಯಿ ಪುಸ್ತಕಕ್ಕೆ ಇನ್ಶೂರೆನ್ಸ್ ಮಾಡ್ಸೋದು ನನ್ನ ಪ್ರಕಾರ ದಂಡ. ಅದರ ಬದಲು ಎಲ್ಲರೂ ಮೊದಲೇ ಒಪ್ಪಿಕೊಳ್ಳಿ, ಕಳೆದ್ರೆ ಎಂಟು ಪಾಲು ಹಾಕಿ ಯಜಮಾನರಿಗೆ ಹೊಸ ಕಾಪಿ, ಯಾರನ್ನೂ ದೂರೋದಿಲ್ಲ ಅಂತ.

ಪುಟ ಕಿತ್ತು ಬಂದ್ರೆ ಸೆಲ್ಲೋಟೇಪ್ ಹಚ್ಚಬೇಡಿ, ಎರಡು ವರ್ಷಕ್ಕೆ ಹಳದಿ ಆಗಿ ಅಕ್ಷರನೂ ತಿನ್ನತ್ತೆ. ಹಂಗೇ ಒಳಗಿಟ್ಟು ಕಳಿಸಿ, ಊರಿಗೆ ವಾಪಸ್ ಬಂದ್ಮೇಲೆ ಬೈಂಡರ್ ಹತ್ರ ಕೊಟ್ರೆ ಹೊಲಿದು ರಟ್ಟು ಹಾಕಿ ಕೊಡ್ತಾರೆ. ನಮ್ಮದು ಈಗ ಅಲ್ಲೇ ಇದೆ, ಮೈಸೂರಲ್ಲಿ, ಬೈಂಡರ್ ಅಂಗಡಿಲಿ, ಕೊಟ್ಟು ಮೂರು ವಾರ ಆಯ್ತು, ಫೋನ್ ಮಾಡಿದ್ರೆ "ಓದ್ತಾ ಇದೀನಿ ಸ್ವಾಮಿ, ಇನ್ನೊಂದು ವಾರ ಕೊಡಿ" ಅಂತಿದಾರೆ. ಶೀಟಲ್ಲಿ ಒಂಬತ್ತನೇ ಹೆಸರು ಸೇರಿಸಿದೀನಿ.